ಸಾರ್ವಜನಿಕ ಉದ್ಯಾನದಲ್ಲಿ ನಾಯಿ: ಯಾರ ಹಕ್ಕು, ಯಾರ ಹೊಣೆ?

ನಾಯಿಯ ಮಾತೆತ್ತಿದರೆ ನಮ್ಮ ಮನೆಗಳಲ್ಲಿ ಚರ್ಚೆ ಒಂದೇ ಪದದಲ್ಲಿ ಮುಗಿದುಬಿಡುತ್ತದೆ: ನಜೀಸ್. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ತೋಟ ಕಾಯಲು ನಾಯಿ ಸಾಕಿದವರು ನಮ್ಮಲ್ಲಿದ್ದಾರೆ. ಬೆಂಗಳೂರಿನಂತಹ ನಗರದಲ್ಲಿ ಚಾಲಕರಾಗಿ, ಕಾವಲುಗಾರರಾಗಿ ದುಡಿಯುತ್ತಾ, ಯಜಮಾನರ ನಾಯಿಯನ್ನು ಬೆಳಗ್ಗೆ ಉದ್ಯಾನಕ್ಕೆ ಕರೆದೊಯ್ಯಬೇಕಾದ ಯುವಕರಿದ್ದಾರೆ. ಅದೇ ಉದ್ಯಾನದಲ್ಲಿ ಮಕ್ಕಳ ಕೈಹಿಡಿದು ನಡೆಯುವ ತಾಯಂದಿರೂ ಇದ್ದಾರೆ. ಇವರೆಲ್ಲರಿಗೂ ದೀನ್ ಏನನ್ನೋ ಹೇಳುತ್ತದೆ.

1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕನ್ನೇ ನೋಡಿ. ಹಗ್ಗ ಬಿಚ್ಚಿದ ನಾಯಿಗಳು, ದಾರಿಯಲ್ಲೇ ಬಿಟ್ಟುಹೋದ ಮಲ, ಇವುಗಳ ಕುರಿತು ದೂರುಗಳು ಬಂದಾಗ ತೋಟಗಾರಿಕೆ ಇಲಾಖೆಯು 2022ರ ಜುಲೈ 1ರಿಂದ ಅಲ್ಲಿ ನಾಯಿಗಳನ್ನೇ ನಿಷೇಧಿಸಲು ಹೊರಟಿತ್ತು. ನಾಯಿ ಸಾಕುವವರು ಪ್ರತಿಭಟಿಸಿದ ಮೇಲೆ ನಿರ್ಧಾರವನ್ನು ತಡೆಹಿಡಿಯಲಾಯಿತು. ಕೆಲವರ ಅಲಕ್ಷ್ಯಕ್ಕೆ ಎಲ್ಲರೂ ಬೆಲೆ ತೆರಬೇಕಾಗಿ ಬರುವುದು ಹೀಗೆ.

ಮೊದಲು ಸಾಕುವ ವಿಚಾರ. ಜಾನುವಾರು ಕಾಯಲು, ಬೇಟೆಗೆ ಅಥವಾ ಬೆಳೆ ಕಾಯಲು ಅಲ್ಲದೆ ನಾಯಿ ಸಾಕುವವನ ಪುಣ್ಯದಿಂದ ದಿನವೂ ಒಂದು ಕೀರಾತ್ ಕಡಿಮೆಯಾಗುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದನ್ನು ಅಬೂಹುರೈರಾ(ರ) ವರದಿ ಮಾಡಿದ್ದಾರೆ (ಬುಖಾರಿ, ಮುಸ್ಲಿಮ್). ಮನೆಯ ಕಾವಲನ್ನೂ ಅನೇಕ ವಿದ್ವಾಂಸರು ಇದೇ ಅಗತ್ಯಗಳ ಸಾಲಿಗೆ ಸೇರಿಸಿದ್ದಾರೆ. ಕೇವಲ ಅಂತಸ್ತು ತೋರಿಸಲು ದುಬಾರಿ ತಳಿಯ ನಾಯಿಯನ್ನು ತಂದು ಕಟ್ಟುವುದು ಇದರಲ್ಲಿ ಸೇರುವುದಿಲ್ಲ.

ಸಾಕಬಾರದೆಂಬ ಮಾತನ್ನು ಹಿಂಸಿಸಬಹುದು ಎಂದು ಅರ್ಥೈಸಿಕೊಂಡವರೂ ಇದ್ದಾರೆ. ಇದು ಘೋರ ತಪ್ಪು. ಬಾಯಾರಿ ಒದ್ದೆಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಒಬ್ಬಾತ ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ಬಾಯಲ್ಲಿ ಕಚ್ಚಿಕೊಂಡು ಮೇಲೆ ಬಂದು ಕುಡಿಸಿದ. ಅಲ್ಲಾಹನು ಅವನನ್ನು ಕ್ಷಮಿಸಿದನು (ಬುಖಾರಿ, ಮುಸ್ಲಿಮ್). ಗುಹಾವಾಸಿಗಳ ನಾಯಿಯನ್ನು ಪವಿತ್ರ ಕುರ್‌ಆನ್ ಅಲ್ ಕಹ್ಫ್ ಅಧ್ಯಾಯದಲ್ಲಿ ಅವರ ಜೊತೆಗೇ ಎಣಿಸಿ ಹೇಳಿದೆ. ಪಾರ್ಕಿನ ಮೂಲೆಯಲ್ಲಿ ಮಲಗಿದ ನಾಯಿಗೆ ಕಲ್ಲೆಸೆಯುವ ಮಗುವನ್ನು ಕಂಡು ನಗುವ ತಂದೆ ಈ ಎರಡನ್ನೂ ನೆನಪಿಟ್ಟುಕೊಳ್ಳಲಿ.

ಇನ್ನು ನೀವು ನಾಯಿಯೊಡನೆ ಉದ್ಯಾನಕ್ಕೆ ಹೋಗುವವರಾದರೆ, ಜನರು ನಡೆಯುವ ದಾರಿಯಲ್ಲಿ, ಅವರು ವಿಶ್ರಮಿಸುವ ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಕಾರಣವಾಗುವ ಕೃತ್ಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಮುಸ್ಲಿಮ್). ಅದು ಮನುಷ್ಯರ ಕುರಿತಾದ ಮಾತು, ನಿಜ. ಆದರೆ ನೀವು ಹಗ್ಗ ಹಿಡಿದು ಕರೆತಂದ ಪ್ರಾಣಿ ಅಲ್ಲೇ ಹೊಲಸು ಮಾಡಿದಾಗ ಮುಖ ತಿರುಗಿಸಿ ನಡೆದರೆ ದಾರಿಹೋಕನಿಗಾಗುವ ತೊಂದರೆಯಲ್ಲಿ ವ್ಯತ್ಯಾಸವೇನು? ಜೇಬಿನಲ್ಲಿ ಎರಡು ಕಾಗದದ ಚೀಲಗಳಿರಲಿ. ಮಲವನ್ನು ಎತ್ತಿ ಕಸದ ಬುಟ್ಟಿಗೆ ಹಾಕಿ, ಕೈತೊಳೆಯಿರಿ. ನಾಯಿಯ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು. ಮಣ್ಣಲ್ಲಿ ಆಡಿ ಕೈಯನ್ನು ಬಾಯಿಗಿಡುವ ಮಕ್ಕಳಿಗೆ ಅವು ತಗಲುತ್ತವೆ. ದಾರಿಯ ತೊಂದರೆ ನೀಗಿಸುವುದು ಈಮಾನಿನ ಒಂದು ಶಾಖೆಯಾಗಿರುವಾಗ ತೊಂದರೆಯನ್ನು ನಾವೇ ಹಾಕಿ ಬರುವುದೇ?

ಹಗ್ಗ ಬಿಚ್ಚಬೇಡಿ. "ನಮ್ಮ ನಾಯಿ ಏನೂ ಮಾಡುವುದಿಲ್ಲ" ಎಂಬುದು ನಿಮಗೆ ಗೊತ್ತು, ಎದುರಿಗೆ ಬರುವ ವೃದ್ಧೆಗೆ ಗೊತ್ತಿಲ್ಲ. ಇನ್ನೊಬ್ಬರನ್ನು ಹೆದರಿಸುವುದೂ ನಮಗೆ ನಿಷಿದ್ಧ. ಕಚ್ಚುವ ಸ್ವಭಾವದ ನಾಯಿಗೆ ಬಾಯಿಕುಕ್ಕೆ ಹಾಕಿ. ಪ್ರಾಣಿಯನ್ನು ಅಲಕ್ಷ್ಯದಿಂದ ಬಿಟ್ಟು ಜನರಿಗೆ ಅಪಾಯ ತರುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಅಪರಾಧವೂ ಹೌದು. ಸುಡುಬಿಸಿಲಿನ ಹೊತ್ತಿನಲ್ಲಿ ಕರೆದೊಯ್ಯಬೇಡಿ, ಡಾಮರಿನ ರಸ್ತೆ ಅದರ ಅಂಗಾಲು ಸುಡುತ್ತದೆ. ಕುಡಿಯಲು ನೀರು ಜೊತೆಗಿರಲಿ. ಸಂಬಳಕ್ಕಾಗಿ ಕರೆದೊಯ್ಯುವವನಿಗೆ ಆ ನಾಯಿ ಅಮಾನತ್ತು. ಮರಕ್ಕೆ ಕಟ್ಟಿ ಚಹಾದಂಗಡಿಯಲ್ಲಿ ಕೂರುವಂತಿಲ್ಲ.

ನಾಯಿ ತಾಗಿದರೆ ವುಝೂ ಮುರಿಯುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಮುರಿಯುವುದಿಲ್ಲ. ಪ್ರಶ್ನೆ ಬಟ್ಟೆ ಮತ್ತು ಶರೀರದ ಶುದ್ಧಿಯದು. ಕರಾವಳಿಯಲ್ಲಿ ಹೆಚ್ಚಾಗಿ ಅನುಸರಿಸುವ ಶಾಫಿಈ ಮದ್ಹಬ್‌ನಂತೆ, ನಾಯಿಯಾಗಲಿ ತಾಗಿದ ಜಾಗವಾಗಲಿ ಒದ್ದೆಯಾಗಿದ್ದರೆ ಏಳು ಸಲ ತೊಳೆಯಬೇಕು, ಅದರಲ್ಲೊಮ್ಮೆ ಮಣ್ಣು ಬೆರೆಸಿದ ನೀರಿನಿಂದ. ಎರಡೂ ಒಣಗಿದ್ದರೆ ತೊಳೆಯಬೇಕಿಲ್ಲ. ಹನಫಿಗಳಲ್ಲಿ ಅಶುದ್ಧವಾದುದು ಜೊಲ್ಲು. ಒಣ ಮೈ ತಾಗಿದರೆ ಬಟ್ಟೆ ಅಶುದ್ಧವಾಗುವುದಿಲ್ಲ. ಮಾಲಿಕಿಗಳು ನಾಯಿಯನ್ನು ಶುದ್ಧವೆಂದೇ ಪರಿಗಣಿಸುತ್ತಾರೆ. ಹೀಗಿರುವಾಗ ನಾಯಿಯೊಂದು ಪಕ್ಕದಲ್ಲಿ ಹಾದುಹೋದುದಕ್ಕೆ ಅದರ ಒಡೆಯನ ಮೇಲೆ ಕೂಗಾಡುವುದು ಧರ್ಮಶ್ರದ್ಧೆ ಅಲ್ಲ. ಸ್ವಲ್ಪ ಹಗ್ಗ ಎಳೆದುಕೊಳ್ಳಿ, ನಾವು ನಮಾಝಿಗೆ ಹೊರಟಿದ್ದೇವೆ ಎಂದು ಮೃದುವಾಗಿ ಹೇಳಿದರೆ ಯಾರೂ ಬೇಸರಿಸುವುದಿಲ್ಲ.

ಕೊನೆಯದಾಗಿ ಕಡಿತದ ಮಾತು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಆದ್ದರಿಂದ ನಾಯಿಗೆ ಪ್ರತಿವರ್ಷ ಲಸಿಕೆ ಹಾಕಿಸಿ, ಚೀಟಿ ಜೋಪಾನವಾಗಿಡಿ. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಅರಶಿನ ಯಾವುದನ್ನೂ ಹಚ್ಚದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಚುಚ್ಚುಮದ್ದಿಗಾಗಿ ಕಾಯುವಂತಿಲ್ಲ. ಒಡೆಯನು ಜಾರಿಕೊಳ್ಳದೆ ವಿಳಾಸ ಕೊಟ್ಟು, ನಾಯಿಯನ್ನು 10 ದಿನ ಕಟ್ಟಿ ಗಮನಿಸಬೇಕು. ಅದು ಆರೋಗ್ಯವಾಗಿದೆಯೋ ಇಲ್ಲವೋ ಎಂಬ ಸತ್ಯವನ್ನು ವೈದ್ಯರಿಗೂ ಕಡಿತಕ್ಕೊಳಗಾದವರಿಗೂ ತಿಳಿಸಬೇಕು.