ಅಪರ್ಚರ್ ಕಿರಿದು ಮಾಡುವ ಮುನ್ನ
ನೊಣದ ಕಣ್ಣನ್ನು ಐದು ಪಟ್ಟು ಹಿಗ್ಗಿಸಿ ತೆಗೆಯುವಾಗ, ಎಲ್ಲವೂ ಸ್ಪಷ್ಟವಾಗಿ ಬರಲೆಂದು ಅಪರ್ಚರನ್ನು ಎಫ್/16ಕ್ಕೆ ಕಿರಿದು ಮಾಡುವವರು ಬಹಳ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಇಷ್ಟು ವರ್ಧನೆಯಲ್ಲಿ ಎಫ್ ಸಂಖ್ಯೆ ಸುಮಾರು ಆರು ಪಟ್ಟಾಗುತ್ತದೆ. ಎಫ್/16 ಎಂದರೆ ಅಸಲಿಗೆ ಎಫ್/96. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ವಿವರ್ತನೆಗೊಂಡು ಇಡೀ ಚಿತ್ರವೇ ಮಂಕಾಗುತ್ತದೆ. ಇಷ್ಟೆಲ್ಲ ಕಳೆದುಕೊಂಡು ದಕ್ಕುವ ಫೋಕಸ್ ಆಳವಾದರೂ ಎಷ್ಟು? ಹೆಚ್ಚುಕಡಿಮೆ ಕಾಲು ಮಿಲಿಮೀಟರ್! ಎಫ್/2.8ರಲ್ಲಿ ಆಳ 0.05 ಮಿ.ಮೀ. ಮಾತ್ರ, ಆದರೆ ಕಣ್ಣಿನ ಷಟ್ಕೋನಗಳು ಎಣಿಸುವಷ್ಟು ಚೊಕ್ಕವಾಗಿರುತ್ತವೆ. ಆ ತೆಳು ಪದರಗಳನ್ನೇ ಒಂದೊಂದಾಗಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವುದು ಜಾಣತನ. ಫೋಕಸಿಂಗ್ ರೈಲಿನ ಮೇಲೆ ಕ್ಯಾಮೆರಾವನ್ನು ಪ್ರತಿ ಸಲ 0.03 ಮಿ.ಮೀ. ಸರಿಸಿದರೆ ಒಂದೂವರೆ ಮಿ.ಮೀ. ಆಳಕ್ಕೆ 50ರಷ್ಟು ಚಿತ್ರಗಳು ಬೇಕು. ಅದುರುವಿಕೆಗೆ ಫ್ಲಾಶ್ ಮದ್ದು.

ಇದು ಕಂಪ್ಯೂಟರಿನ ಕಸರತ್ತು ಎಂಬ ಆಕ್ಷೇಪ ಇದ್ದೇ ಇದೆ. ಆದರೆ ಜೋಡಣೆಯಲ್ಲಿ ಉಳಿಯುವ ವಿವರವೆಲ್ಲ ಲೆನ್ಸ್ ಕಂಡದ್ದೇ. ರೋಮಗಳು ಒಂದರ ಮೇಲೊಂದು ಹಾದಲ್ಲಿ ಸಾಫ್ಟ್‌ವೇರ್ ಎಡವುವುದು ನಿಜ, ಅಲ್ಲಿ ಮೂಲ ಚಿತ್ರ ನೋಡಿ ಕೈಯಿಂದಲೇ ತಿದ್ದಬೇಕು. ಜೀವಂತ ಕೀಟ ಅಲುಗಾಡುತ್ತದಲ್ಲ ಎಂಬ ಮಾತಿಗೆ ಮಾತ್ರ ಪೂರ್ತಿ ಉತ್ತರವಿಲ್ಲ. ಮುಂಜಾನೆಯ ಚಳಿಗೆ ಮರಗಟ್ಟಿ ಕೂತವನ್ನು ಹುಡುಕಿ. ಓಡಾಡುವ ಇರುವೆಗಾದರೆ ವರ್ಧನೆ ತಗ್ಗಿಸಿ, ಒಂದೇ ಚಿತ್ರಕ್ಕೆ ತೃಪ್ತಿಪಡಿ.