ಬೀಗಕ್ಕೆ ಋಣ ವೋಲ್ಟಿನ ಪೆಟ್ಟು

1990ರ ದಶಕದಲ್ಲಿ ನಮ್ಮ ಪೇಟೆಗಳಿಗೆ ಟಿ.ವಿ.ಗೆ ಜೋಡಿಸಿ ಆಡುವ ಅಗ್ಗದ ವಿಡಿಯೋ ಗೇಮ್ ಪೆಟ್ಟಿಗೆಗಳು ಬಂದವು. ಅಫಜಲಪುರದ ವಿದ್ಯಾರ್ಥಿಗಳು ತಮ್ಮ ಅಣ್ಣಂದಿರನ್ನೋ ಕಾಕಂದಿರನ್ನೋ ಕೇಳಿದರೆ ಅವುಗಳ ಕ್ಯಾಸೆಟ್ಟುಗಳ ಕಥೆಯನ್ನು ಹೇಳಿಯಾರು. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಯಂತ್ರದ ಅನುಕರಣಗಳವು. ಆ ಯಂತ್ರಕ್ಕೆ ಬೀಗವಿರಲಿಲ್ಲ. ಯಾರು ಮಾಡಿದ ಕ್ಯಾಸೆಟ್ಟಾದರೂ ನಡೆಯುತ್ತಿದ್ದಿತು.

ಆದರೆ 1985ರಲ್ಲಿ ಅಮೆರಿಕಕ್ಕೊಯ್ದ ಯಂತ್ರಕ್ಕೆ ಸಂಸ್ಥೆಯು ಬೀಗವನ್ನಿಟ್ಟಿತು. ಯಂತ್ರದಲ್ಲೊಂದು, ಕ್ಯಾಸೆಟ್ಟಿನಲ್ಲೊಂದು ಚಿಪ್ಪು. ಎರಡೂ ಒಂದೇ ಗಡಿಯಾರದ ತಾಳಕ್ಕೆ ಒಂದೇ ಲೆಕ್ಕವನ್ನು ಮಾಡುತ್ತ ಉತ್ತರಗಳನ್ನು ತಾಳೆ ನೋಡುವುವು. ತಾಳೆಯಾಗದಿದ್ದರೆ ಯಂತ್ರದ ಚಿಪ್ಪು ಸೆಕೆಂಡಿಗೊಮ್ಮೆ ಆಟವನ್ನು ಮೊದಲಿನಿಂದ ಆರಂಭಿಸುವುದು. ತೆರೆ ಬರಿದೆ ಮಿಣುಕುತ್ತಿರುವುದು. ಕ್ಯಾಸೆಟ್ಟಿನ ಚಿಪ್ಪು ದೊರೆಯುತ್ತಿದ್ದುದು ನಿಂಟೆಂಡೊದ ಅನುಮತಿ ಪಡೆದವರಿಗೆ ಮಾತ್ರ.

ಟೆಂಗೆನ್ ಎಂಬ ಸಂಸ್ಥೆ ಅಮೆರಿಕದ ಕೃತಿಸ್ವಾಮ್ಯ ಕಚೇರಿಗೆ ಸುಳ್ಳು ಹೇಳಿ ಬೀಗದ ಕ್ರಮವಿಧಿಯ ಪ್ರತಿಯನ್ನು ಪಡೆಯಿತು. 1992ರಲ್ಲಿ ಮೇಲಿನ ನ್ಯಾಯಾಲಯವೂ ಅದರ ಮೇಲಿನ ನಿರ್ಬಂಧವನ್ನು ಎತ್ತಿಹಿಡಿಯಿತು. 1988ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಕಲರ್ ಡ್ರೀಮ್ಸ್ ಎಂಬ ಪುಟ್ಟ ಸಂಸ್ಥೆ ಕೀಲಿಕೈಯನ್ನು ನಕಲು ಮಾಡುವ ಗೋಜಿಗೇ ಹೋಗದೆ ಕಾವಲುಗಾರನನ್ನೇ ಮೂರ್ಛೆಗೆಡಹಿತು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದೇ ಸ್ವಾರಸ್ಯದ ಸಂಗತಿ.

ಚಿಪ್ಪನ್ನು ರಚಿಸಿದುದು 0ಯಿಂದ 5 ವೋಲ್ಟಿನೊಳಗಿನ ಸಂಕೇತಗಳಿಗಾಗಿ. ಅದಕ್ಕೆ ಋಣ ವೋಲ್ಟನ್ನು ಉಣಿಸಬೇಕು. ಯಂತ್ರದಿಂದ ದೊರೆಯುವುದಾದರೋ ಧನ 5 ವೋಲ್ಟು ಮಾತ್ರ! ಐದು ಅಡಿಯ ಏಣಿಯೊಂದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದೆವೆನ್ನಿ. ಅದನ್ನೇ ಬಾವಿಯೊಳಕ್ಕಿಳಿಸಿ ಮೇಲ್ತುದಿಯನ್ನು ನೆಲಮಟ್ಟಕ್ಕೆ ತಂದರೆ ಕೆಳತುದಿ ನೆಲಕ್ಕಿಂತ ಐದು ಅಡಿ ಕೆಳಗಿರುವುದಷ್ಟೆ? ಕೆಪಾಸಿಟರಿನದೂ ಹಾಗೆಯೇ. ಒಂದು ಫಲಕವನ್ನು 5 ವೋಲ್ಟಿಗೂ ಇನ್ನೊಂದನ್ನು ಭೂಮಿಗೂ ಜೋಡಿಸಿ ಆವೇಶವನ್ನು ತುಂಬಿರಿ. ಬಳಿಕ ಎರಡನೆಯದನ್ನು ಭೂಮಿಯಿಂದ ಬಿಡಿಸಿ, ಮೊದಲನೆಯದನ್ನು 0ಗೆ ಇಳಿಸಿರಿ. ಫಲಕಗಳ ನಡುವಣ ಅಂತರ ಕ್ಷಣಮಾತ್ರದಲ್ಲಿ ಅಳಿಯದು. ಆದುದರಿಂದ ಎರಡನೆಯದು −5 ವೋಲ್ಟಿಗೆ ಇಳಿಯುವುದು. ಡಯೋಡುಗಳಲ್ಲಿ ಸ್ವಲ್ಪ ನಷ್ಟವಾಗುವುದರಿಂದ ವ್ಯವಹಾರದಲ್ಲಿ ಪೂರ್ಣ 5 ದೊರೆಯದು; ಅಷ್ಟೇ ಸಾಕು. ಎಂದೂ ವಹಿಸಬಾರದ ಸಂಧಿಗಳಲ್ಲಿ ಪ್ರವಾಹ ಹರಿದು ಚಿಪ್ಪಿನ ಲೆಕ್ಕ ತಪ್ಪುವುದು, ಕೆಲಸ ನಿಲ್ಲುವುದು. ನಿಂತ ಚಿಪ್ಪು ಆಟವನ್ನು ತಡೆಯಲಾರದು. ಕೆಟ್ಟಾಗ ತೆರೆದೇ ಉಳಿಯುವ ಬೀಗವಿದು. ರಚಿಸಿದವರ ದೋಷವೆಂದೇ ನನ್ನ ಮತ.

ಮುಂದೆ ನಿಂಟೆಂಡೊ ಇಂಥ ಪೆಟ್ಟನ್ನು ತಡೆಯುವ ಬಿಡಿಭಾಗಗಳನ್ನು ಯಂತ್ರದಲ್ಲಿ ಸೇರಿಸಿತು. ಅಂಗಡಿಗಳೂ ಪರವಾನಗಿಯಿಲ್ಲದ ಆಟಗಳನ್ನಿಡಲು ಹಿಂಜರಿದವು. ಕಲರ್ ಡ್ರೀಮ್ಸಿನವರು ವಿಸ್ಡಮ್ ಟ್ರೀ ಎಂಬ ಹೆಸರಿನಲ್ಲಿ ಬೈಬಲ್ ಕಥೆಗಳ ಆಟಗಳನ್ನು ಮಾಡಿ, ನಿಂಟೆಂಡೊದ ಕೈ ಚಾಚದ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಮಾರಿದರು. 1993ರಲ್ಲಿ ಅದೇ ಯಂತ್ರ ಹೊಸ ರೂಪದಲ್ಲಿ ಅಮೆರಿಕದ ಪೇಟೆಗೆ ಬಂದಾಗ ಅದರೊಳಗೆ ಬೀಗದ ಚಿಪ್ಪೇ ಇರಲಿಲ್ಲ.