ಗುಳಿಗೆ ನುಂಗಿದರೂ ಏರದ ರಕ್ತ

ಹೆಂಗಸಿಗೆ ರಕ್ತ ಕಡಿಮೆ ಎಂದರೆ ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನನ್ನ ಹೆಂಡತಿಯ ಹಿಮೋಗ್ಲೋಬಿನ್ 8.2ಕ್ಕೆ ಇಳಿದಿದೆ ಎಂದಾಗ ಮಂಡ್ಯದಿಂದ ಅವಳ ಅಮ್ಮ ಬೀಟ್‌ರೂಟ್ ಅಂದರು, ದೆಹಲಿಯ ಪಕ್ಕದ ಮನೆಯವರು ದಾಳಿಂಬೆ ಅಂದರು, ಅವಳು ಪಾಠ ಮಾಡುವ ಶಾಲೆಯ ಸಹೋದ್ಯೋಗಿಗಳು ಖರ್ಜೂರ, ಬೆಲ್ಲ ಅಂದರು. ಡಾಕ್ಟರು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟರು. ಏಕೆ ಕಡಿಮೆಯಾಯಿತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಈ ವಯಸ್ಸಿನ ಹೆಂಗಸರಿಗೆ ಇದ್ದದ್ದೇ.’

ಅಂಕಿ ಅಂಶಗಳೂ ಈ ಮಾತಿನ ಪರವಾಗಿಯೇ ಇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ, ಕರ್ನಾಟಕದಲ್ಲಿ ಶೇ. 47.8. ಅದಕ್ಕೂ ಹಿಂದಿನ ಸಮೀಕ್ಷೆಗಿಂತ ಎರಡೂ ಸಂಖ್ಯೆ ಮೇಲೇರಿವೆ. ಸರ್ಕಾರ 1970ರಿಂದ ಕಬ್ಬಿಣದ ಗುಳಿಗೆ ಹಂಚುತ್ತಲೇ ಬಂದಿದೆ. ಅರ್ಧಕ್ಕರ್ಧ ಹೆಂಗಸರಿಗೆ ಇರುವ ತೊಂದರೆಯನ್ನು ತೊಂದರೆ ಎಂದು ನೋಡುವ ಕಣ್ಣೇ ಮಂಕಾಗುತ್ತದೆ. ರಕ್ತ ಏಕೆ ಕಡಿಮೆ ಎಂದರೆ ಹೆಂಗಸಾದ್ದರಿಂದ! ಇದೇ ಹಿಮೋಗ್ಲೋಬಿನ್ ನನ್ನ ವರದಿಯಲ್ಲಿ ಬಂದಿದ್ದರೆ ಅದೇ ವಾರ ಯಾವುದೋ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಸಿ ಎಂಡೊಸ್ಕೊಪಿ ಮಾಡಿರುತ್ತಿದ್ದರು.

ನಲವತ್ತೈದರ ಆಸುಪಾಸಿನ ಅವಳಿಗೆ ಎರಡು ಮಹಡಿ ಹತ್ತಿದರೆ ಏದುಸಿರು, ಬಾಚಣಿಗೆ ತುಂಬ ಕೂದಲು, ರಾತ್ರಿ ಕಾಲಲ್ಲಿ ತಡೆಯಲಾಗದ ಚಡಪಡಿಕೆ. ಇವೆಲ್ಲಕ್ಕಿಂತ ವಿಚಿತ್ರವೆಂದರೆ ಐಸು. ಡಿಸೆಂಬರಿನ ದೆಹಲಿ ಚಳಿಯಲ್ಲೂ ಫ್ರೀಜರಿನ ಟ್ರೇ ತೆಗೆದು ಗಡ್ಡೆಗಡ್ಡೆ ಐಸು ಕಟಕಟ ಅಗಿಯುತ್ತಿದ್ದಳು. ಮನೆಯವರಿಗೆ ಅದೊಂದು ತಮಾಷೆ. ಆದರೆ ಕಬ್ಬಿಣದ ಕೊರತೆಯ ಲಕ್ಷಣಗಳಲ್ಲಿ ಇದು ಬಹಳ ಹಳೆಯದು. ನಮ್ಮ ಹಳ್ಳಿಗಳಲ್ಲಿ ಬಸುರಿಯರು ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನುವುದೂ ಇದೇ ಬಳಗಕ್ಕೆ ಸೇರಿದ್ದು. ಬಯಕೆ ಎಂದು ನಕ್ಕು ಬಿಡುತ್ತೇವೆ.

ವರದಿಯಲ್ಲಿ ಫೆರಿಟಿನ್ 4 ಎಂದಿತ್ತು. ದೇಹದ ಕಬ್ಬಿಣದ ದಾಸ್ತಾನನ್ನು ಹೇಳುವ ಸಂಖ್ಯೆ ಇದು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ 15ಕ್ಕಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತದೆ. ಈ ಒಂದು ಪರೀಕ್ಷೆಯಿಂದ ದೊಡ್ಡ ಗೊಂದಲವೊಂದು ತಪ್ಪಿತು. ಥಲಸ್ಸೀಮಿಯಾ ವಾಹಕರಲ್ಲೂ ಕೆಂಪು ರಕ್ತಕಣಗಳು ಚಿಕ್ಕದಾಗಿರುತ್ತವೆ, ಹಿಮೋಗ್ಲೋಬಿನ್ ತುಸು ಕಡಿಮೆ ಇರುತ್ತದೆ. ಆದರೆ ಅವರ ಕಬ್ಬಿಣದ ದಾಸ್ತಾನು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಫೆರಿಟಿನ್ ನೋಡದೆ ಅಂಥವರಿಗೆ ವರ್ಷಗಟ್ಟಲೆ ಕಬ್ಬಿಣ ನುಂಗಿಸುವುದುಂಟು.

ಗುಳಿಗೆ ಶುರುವಾಯಿತು. ಬಾಯಲ್ಲಿ ತುಕ್ಕಿನ ರುಚಿ, ಮಲಬದ್ಧತೆ, ಕಪ್ಪು ಮಲ ಎಲ್ಲವೂ ಜೊತೆಗೇ ಬಂದವು. ಗುಳಿಗೆಯ ಹೊತ್ತಿಗೆ ನಿಂಬೆರಸ ಸೇರಿತು. ಫಿಲ್ಟರ್ ಕಾಫಿ ಎರಡು ಗಂಟೆ ದೂರ ಸರಿಯಿತು. ಕಾಫಿ, ಟೀ ಎರಡೂ ಕಬ್ಬಿಣ ಹೀರುವುದಕ್ಕೆ ಅಡ್ಡಿ. ಮಂಡ್ಯದ ಹೆಣ್ಣಿಗೆ ಇದು ಸಣ್ಣ ತ್ಯಾಗವಲ್ಲ. ಆಮೇಲೆ ದಿನಕ್ಕೆರಡರ ಬದಲು ದಿನ ಬಿಟ್ಟು ದಿನ ಒಂದು ಸಾಕು ಎಂದರು. ಒಮ್ಮೆ ಕಬ್ಬಿಣ ನುಂಗಿದರೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ, ಅದು ಸುಮಾರು ಒಂದು ದಿನ ಮುಂದಿನ ಕಬ್ಬಿಣವನ್ನು ತಡೆಯುತ್ತದೆ. ದಿನ ಬಿಟ್ಟು ಕೊಟ್ಟಾಗಲೇ ಗುಳಿಗೆಯ ಹೆಚ್ಚು ಪಾಲು ದೇಹಕ್ಕೆ ಸೇರುತ್ತದೆ ಎಂದು ಜ್ಯೂರಿಕ್‌ನ ಸಂಶೋಧಕರು 2017ರಲ್ಲಿ ಯುವತಿಯರ ಮೇಲಿನ ಅಧ್ಯಯನದಲ್ಲಿ ತೋರಿಸಿದ್ದರು.

ಇಷ್ಟೆಲ್ಲ ಆದರೂ ಹಿಮೋಗ್ಲೋಬಿನ್ 8.6. ಗುಳಿಗೆ ಕೆಲಸ ಮಾಡುತ್ತಿದ್ದರೆ ತಿಂಗಳೊಳಗೆ ಒಂದು ಗ್ರಾಂ ಆದರೂ ಏರಬೇಕು. ‘ಸರಿಯಾಗಿ ತಗೊಳ್ತಿಲ್ಲ ಅನ್ಸುತ್ತೆ’ ಎಂದು ಡಾಕ್ಟರು ಬ್ರ್ಯಾಂಡ್ ಬದಲಿಸಿದರು. ಮೊಬೈಲಿನಲ್ಲಿ ಅಲಾರಂ ಇಟ್ಟು ನುಂಗುತ್ತಿದ್ದ ಅವಳಿಗೆ ಬಂದ ಸಿಟ್ಟು ನ್ಯಾಯವಾದದ್ದೇ. ಔಷಧಕ್ಕೆ ರೋಗ ಬಗ್ಗದಿದ್ದರೆ ರೋಗಿಯನ್ನು ಅನುಮಾನಿಸುವುದು ಸುಲಭದ ದಾರಿ.

ದೇಹದ ಕಬ್ಬಿಣದ್ದು ಬಹಳ ಬಿಗಿಯಾದ ಜಮಾ-ಖರ್ಚು. ಒಟ್ಟು ಇರುವುದು ಮೂರು-ನಾಲ್ಕು ಗ್ರಾಂ. ದಿನಕ್ಕೆ ಊಟದಿಂದ ಒಳಸೇರುವುದು ಒಂದೆರಡು ಮಿಲಿಗ್ರಾಂ, ಕಳೆದುಹೋಗುವುದೂ ಅಷ್ಟೇ. ಹಳೆಯ ಕಣಗಳ ಕಬ್ಬಿಣವನ್ನೇ ದೇಹ ಮತ್ತೆ ಮತ್ತೆ ಬಳಸುತ್ತದೆ. ಒಂದು ಮಿಲಿಲೀಟರ್ ರಕ್ತ ಹೋದರೆ ಅರ್ಧ ಮಿಲಿಗ್ರಾಂ ಕಬ್ಬಿಣ ಹೋದಂತೆ. ಹಾಗಾಗಿ ದಿನಕ್ಕೆ ಒಂದು ಚಮಚ ರಕ್ತ ಕಣ್ಣಿಗೆ ಕಾಣದಂತೆ ಸೋರಿದರೂ ಯಾವ ಊಟವೂ ಅದನ್ನು ತುಂಬಿಕೊಡಲಾರದು. ಕೊರತೆ ಬಿದ್ದಿದೆ ಎಂದರೆ ಸೋರುತ್ತಿರಬೇಕು, ಇಲ್ಲವೇ ಒಳಗೆ ಸೇರುತ್ತಿರಲಿಕ್ಕಿಲ್ಲ, ಅದೂ ಅಲ್ಲದಿದ್ದರೆ ಊಟದಲ್ಲೇ ಇರಲಿಕ್ಕಿಲ್ಲ.

ಮೊದಲು ಸೋರಿಕೆಯ ಹುಡುಕಾಟ. ಈ ವಯಸ್ಸಿನಲ್ಲಿ ಮೊದಲ ಶಂಕೆ ಮುಟ್ಟಿನ ಮೇಲೆ. ಸ್ತ್ರೀರೋಗ ತಜ್ಞೆ ಸ್ಕ್ಯಾನ್ ಮಾಡಿಸಿದರು. ಗಡ್ಡೆಯಿಲ್ಲ, ಸ್ರಾವವೂ ಮಿತಿಯಲ್ಲೇ ಇತ್ತು. ಬರಿಗಾಲಲ್ಲಿ ಹೊಲ ತುಳಿಯುವವರಿಗೆ ಕೊಕ್ಕೆಹುಳು ಬರುತ್ತದೆ, ಅದರ ಒಂದು ಜಾತಿಯ ಹುಳು ಒಂದೊಂದೂ ದಿನಕ್ಕೆ ಸುಮಾರು 0.2 ಮಿಲಿಲೀಟರ್ ರಕ್ತ ಹೀರಬಲ್ಲದು. ಮಲಪರೀಕ್ಷೆಯಲ್ಲಿ ಅದೂ ಇರಲಿಲ್ಲ. ಮಂಡಿನೋವಿಗೆಂದು ಡೈಕ್ಲೋಫಿನ್ಯಾಕ್, ಹೃದಯಕ್ಕೆಂದು ಆಸ್ಪಿರಿನ್ ನುಂಗುವವರ ಕರುಳು ಸದ್ದಿಲ್ಲದೆ ಜಿನುಗುತ್ತಿರಬಹುದು. ಅವಳಿಗೆ ಆ ಅಭ್ಯಾಸವಿರಲಿಲ್ಲ. ದೊಡ್ಡಕರುಳಿನ ಬಲಭಾಗದ ಕ್ಯಾನ್ಸರ್ ಎಷ್ಟೋ ಸಲ ಮೊದಲು ಸುಳಿವು ಕೊಡುವುದು ರಕ್ತಹೀನತೆಯಾಗಿಯೇ. ಗಂಡಸರಿಗೂ ಮುಟ್ಟು ನಿಂತ ಹೆಂಗಸರಿಗೂ ಕಬ್ಬಿಣ ಕಡಿಮೆಯಾದರೆ ಮೇಲಿಂದಲೂ ಕೆಳಗಿಂದಲೂ ಕರುಳನ್ನು ನೋಡಿಸದೆ ಬರೀ ಗುಳಿಗೆ ಕೊಟ್ಟು ಕಳಿಸುವುದು ಅಪಾಯ.

ಒಳಗೆ ಸೇರದಿರುವುದಕ್ಕೂ ಕಾರಣ ಹಲವು. ಅಸಿಡಿಟಿಗೆಂದು ವರ್ಷಗಟ್ಟಲೆ ಬೆಳಗೆದ್ದು ನುಂಗುವ ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲವನ್ನೇ ತಗ್ಗಿಸುತ್ತದೆ, ಸಸ್ಯಾಹಾರದ ಕಬ್ಬಿಣ ಕರಗಲು ಆ ಆಮ್ಲ ಬೇಕು. ಹೊಟ್ಟೆಯಲ್ಲಿ ಬೀಡುಬಿಡುವ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾವೂ ಇಂಥ ಕಿತಾಪತಿ ಮಾಡುತ್ತದೆ.

ಕೊನೆಗೆ ಸುಳಿವು ಸಿಕ್ಕಿದ್ದು ಯಂತ್ರದಿಂದಲ್ಲ, ಒಂದು ಪ್ರಶ್ನೆಯಿಂದ. ಕರುಳಿನ ತಜ್ಞರೊಬ್ಬರು ವರದಿಗಳನ್ನು ಬದಿಗಿಟ್ಟು, ಊರಿನಲ್ಲಿ ಏನು ಊಟ ಮಾಡುತ್ತಿದ್ದಿರಿ, ಇಲ್ಲಿ ಏನು ಎಂದು ಕೇಳಿದರು. ಅಲ್ಲಿ ಮುದ್ದೆ, ಅನ್ನ. ದೆಹಲಿಗೆ ಬಂದಮೇಲೆ ಎರಡು ಹೊತ್ತೂ ಚಪಾತಿ, ಶಾಲೆಯಲ್ಲಿ ಬ್ರೆಡ್ಡು ಎಂದಳು. ಅವರು ಟಿಟಿಜಿ ಎಂಬ ಪ್ರತಿಕಾಯದ ರಕ್ತಪರೀಕ್ಷೆ ಬರೆದರು. ಸಿಲಿಯಾಕ್ ರೋಗದ ಪರೀಕ್ಷೆ ಅದು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಸೇರಿದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ಬೀಳುವ ಕಾಯಿಲೆ.

‘ಭೇದಿಯಿಲ್ಲ, ತೂಕ ಇಳಿದಿಲ್ಲ, ನನಗೆಂಥ ಕರುಳಿನ ರೋಗ?’ ಎಂದು ಅವಳ ವಾದ. ದೊಡ್ಡವರಲ್ಲಿ ಇದು ಬರೀ ರಕ್ತಹೀನತೆಯಾಗಿ ಮಾತ್ರ ಕಾಣಿಸಿಕೊಳ್ಳಬಲ್ಲದು. ಕಬ್ಬಿಣ ಮುಖ್ಯವಾಗಿ ಒಳಸೇರುವುದು ಜಠರ ದಾಟಿದ ಕೂಡಲೇ ಸಿಗುವ ಡ್ಯುವೊಡಿನಮ್‌ನಲ್ಲಿ. ಸಿಲಿಯಾಕ್ ಮೊದಲು ಕೆಡಿಸುವುದೂ ಆ ಜಾಗವನ್ನೇ. ಎಂಡೊಸ್ಕೊಪಿಯಲ್ಲಿ ತೆಗೆದ ಚೂರುಗಳಲ್ಲಿ ಕರುಳಿನ ಒಳಪದರದಲ್ಲಿ ಬೆರಳಿನಂತೆ ಎದ್ದು ನಿಲ್ಲಬೇಕಾದ ವಿಲ್ಲೈಗಳು ಚಪ್ಪಟೆಯಾಗಿದ್ದವು. ಇಲ್ಲೊಂದು ಎಚ್ಚರ: ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬಾರದು. ಮೊದಲೇ ಬಿಟ್ಟರೆ ಕರುಳು ಸುಧಾರಿಸಿ ರೋಗ ಮರೆಯಾಗುತ್ತದೆ, ವರದಿ ಸುಳ್ಳಾಗುತ್ತದೆ.

ಗೋಧಿಯ ಈ ಕೈವಾಡವನ್ನು ಪತ್ತೆಹಚ್ಚಿದವರು ವಿಲ್ಲೆಮ್ ಡಿಕ್ಕೆ ಎಂಬ ಡಚ್ ಮಕ್ಕಳ ವೈದ್ಯರು. ಅವರಿಗೆ ಮೊದಲೇ ಅನುಮಾನವಿತ್ತು. 1944–45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಹಾಲೆಂಡಿನಲ್ಲಿ ಬ್ರೆಡ್ಡೇ ಸಿಗದೆ ಜನ ಹಸಿವಿನಿಂದ ಸಾಯುತ್ತಿದ್ದಾಗ ಸಿಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು. ಗೋಧಿಯ ಬಗ್ಗೆ ಅವರು ನಡೆಸಿದ ಅಧ್ಯಯನ 1950ರಲ್ಲಿ ಅವರ ಪ್ರಬಂಧವಾಯಿತು. ನಮ್ಮಲ್ಲಿ 2016ರಲ್ಲಿ ಪ್ರಕಟವಾದ, 23 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಉತ್ತರ ಭಾರತದಲ್ಲಿ ಶೇ. 1.23 ಜನರಿಗೆ ಸಿಲಿಯಾಕ್, ದಕ್ಷಿಣದಲ್ಲಿ ಕೇವಲ ಶೇ. 0.10. ಅದಕ್ಕೆ ಬೇಕಾದ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಅವಳಿಗೆ ಈ ರೋಗ ಬಂದದ್ದು ದೆಹಲಿಯ ಚಪಾತಿಯಿಂದಲೇ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ದಕ್ಷಿಣದವರಿಗೆ ಇದು ಬರುವುದಿಲ್ಲ ಎಂದುಕೊಂಡ ಡಾಕ್ಟರಿಗೆ ಆ ಪರೀಕ್ಷೆ ಹೊಳೆಯುವುದೂ ಇಲ್ಲ.

ಔಷಧ ಅಡುಗೆಮನೆಯಲ್ಲೇ ಇತ್ತು: ಮುದ್ದೆ ಮರಳಿ ಬಂತು. ಚಪಾತಿ ಬಿಡುವುದು ಸುಲಭ, ಗೋಧಿ ಬಿಡುವುದು ಕಷ್ಟ. ಉಪ್ಪಿಟ್ಟು, ಶಾವಿಗೆ, ಮದ್ದೂರು ವಡೆ, ಹೋಳಿಗೆಯ ಕಣಕ, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಎಲ್ಲವೂ ಗೋಧಿಯೇ. ಪ್ರಸಾದ ಬೇಡವೆಂದರೆ ಹಿರಿಯರ ಮುಖ ಬಾಡುತ್ತದೆ. ಎಲ್ಲಕ್ಕಿಂತ ಕಳ್ಳ ಹಿಂಗು: ಅಂಗಡಿಯ ಡಬ್ಬಿಯಲ್ಲಿ ಬರುವುದಕ್ಕೆ ಬಹುತೇಕ ಗೋಧಿಹಿಟ್ಟು ಬೆರೆಸಿರುತ್ತಾರೆ, ಸಾರಿನ ಒಗ್ಗರಣೆಯಲ್ಲೇ ಗ್ಲುಟೆನ್. ರಾಗಿಯನ್ನು ಗೋಧಿ ಬೀಸಿದ ಗಿರಣಿಯಲ್ಲೇ ಹಾಕಿಸಿದರೆ ಅದೂ ಕೆಟ್ಟಿತು. ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಲು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಕಿಲೋಗೆ 20 ಮಿಲಿಗ್ರಾಂ. ಬೀದಿ ಗಿರಣಿಗೆ ಆ ಲೆಕ್ಕವೆಲ್ಲಿ? ಮನೆಗೆ ಒಂದು ಪುಟ್ಟ ಬೀಸುವ ಯಂತ್ರ ಬಂತು.

ಕರುಳು ಮಾಗುವವರೆಗೆ ಕಾಯಲಾಗದೆ ಕಬ್ಬಿಣವನ್ನು ನೇರ ರಕ್ತನಾಳಕ್ಕೇ ಡ್ರಿಪ್ ಮೂಲಕ ಕೊಟ್ಟರು. ಐಸಿನ ಹುಚ್ಚು ಹಿಮೋಗ್ಲೋಬಿನ್ ಏರುವ ಮೊದಲೇ ಬಿಟ್ಟುಹೋಯಿತು. ತಿಂಗಳುಗಳು ಕಳೆದಂತೆ ಪ್ರತಿಕಾಯಗಳು ಇಳಿದವು, ಹಿಮೋಗ್ಲೋಬಿನ್ 12 ದಾಟಿ ಗುಳಿಗೆಯಿಲ್ಲದೆಯೂ ಅಲ್ಲೇ ನಿಂತಿತು.

ಒಡಹುಟ್ಟಿದವರು, ಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ತಜ್ಞರು ಹೇಳಿದ್ದರು. ಮಗಳದು ಸದ್ಯಕ್ಕೆ ಸರಿಯಿದೆ. ಮಂಡ್ಯದ ತಂಗಿಯದು ಹಿಮೋಗ್ಲೋಬಿನ್ 9.4, ವರ್ಷಗಳಿಂದ ಟಾನಿಕ್ ಕುಡಿಯುತ್ತಿದ್ದಾಳೆ. ‘ನಾವೆಲ್ಲಿ ಗೋಧಿ ತಿಂತೀವಿ’ ಎಂದು ಫೋನಿನಲ್ಲಿ ಅಂದಳು. ಬೆಳಿಗ್ಗೆ ತಿಂಡಿ ಏನು ಎಂದು ಅಕ್ಕ ಕೇಳಿದಳು. ಉಪ್ಪಿಟ್ಟಂತೆ. ದಸರಾ ಮುಗಿದ ಮೇಲೆ ರಕ್ತ ಕೊಟ್ಟು ಬರುತ್ತೇನೆ ಎಂದಿದ್ದಾಳೆ.